ಹೊಸ ಮನೆಗಳೂ ಹೊರಹೋಗುವ ದಾರಿಯೂ

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವನ ಗಾದೆಯನ್ನು ಬಾಲ್ಯದಿಂದಲೂ ಕೇಳಿದ್ದೇವೆ. ಬೆಂಕಿ ಬಿದ್ದ ಮೇಲೆ ದಾರಿ ಹುಡುಕುವವನ ಪಾಡು ಅದಕ್ಕಿಂತಲೂ ಕಷ್ಟವೆಂಬುದನ್ನು ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಸಂಸ್ಥಾನವು ಬಹಳ ಬೆಲೆ ತೆತ್ತು ಕಲಿತಿದೆ. ನಮ್ಮವರ ಎಷ್ಟೋ ಮನೆಗಳ ಮಕ್ಕಳು ಆ ಪ್ರಾಂತದಲ್ಲಿ ಸಂಸಾರ ಹೂಡಿರುವುದರಿಂದ ಈ ವಿಷಯವು ನಮಗೂ ಹೊರತಾದುದಲ್ಲ.

ಆ ನಾಡಿನಲ್ಲಿ ಬೇಸಗೆಯ ಮಳೆಯು ಇಲ್ಲವೆಂಬಷ್ಟು ಕಡಿಮೆ. ಶರತ್ಕಾಲದ ವೇಳೆಗೆ ಬೆಟ್ಟದ ಹುಲ್ಲೂ ಪೊದೆಯೂ ಒಣಗಿ ನಿಂತಿರುತ್ತವೆ; ಒಣಗಾಳಿ ಬೀಸಿತೆಂದರೆ ಒಂದು ಕಿಡಿಯೇ ಸಾಕು. ಆದರೂ ನಗರಗಳಲ್ಲಿ ಮನೆಯ ಬೆಲೆ ಏರಿದಂತೆ ಜನರು ಕಾಡಿನ ಅಂಚನ್ನು ಆಶ್ರಯಿಸಿದರು. ಅಲ್ಲಿ ಮನೆಗಳು ಹೆಚ್ಚಿದಷ್ಟು ದಾರಿಗಳು ಹೆಚ್ಚಲಿಲ್ಲ.

ಅಲ್ಲಿಯ ಪ್ಯಾರಡೈಸ್ ಎಂಬ ಊರು, ಅಂದರೆ ಸ್ವರ್ಗವೆಂಬ ಹೆಸರಿನದು, ಎರಡು ಕಣಿವೆಗಳ ನಡುವಣ ಏಣಿನ ಮೇಲಿದೆ. ಜನಸಂಖ್ಯೆ ಸುಮಾರು 26,000 ಇದ್ದಿತು. 2008ರಲ್ಲಿ ಕಿಚ್ಚು ಸಮೀಪಿಸಿದಾಗ ಹೊರಟ ಜನರು ದಾರಿಯಲ್ಲೇ ಸಿಕ್ಕಿಕೊಂಡರು. ಮರುವರ್ಷ ಆ ಜಿಲ್ಲೆಯ ನಾಗರಿಕರ ವಿಚಾರಣಾಮಂಡಲಿಯು, ಅಗ್ನಿಭಯವುಳ್ಳ ಸ್ಥಳಗಳಲ್ಲಿ ಹೊಸ ಮನೆ ಕಟ್ಟುವುದನ್ನು ಸದ್ಯಕ್ಕೆ ನಿಲ್ಲಿಸಬೇಕೆಂದು ಸಲಹೆಯಿತ್ತಿತು. ಸಲಹೆಯು ಅಂಗೀಕೃತವಾಗಲಿಲ್ಲ.

2018ನೆಯ ನವೆಂಬರ್ 8ರ ಬೆಳಗ್ಗೆ ಹಳೆಯದೊಂದು ವಿದ್ಯುತ್ ಮಾರ್ಗದಿಂದ ಹುಟ್ಟಿದ ಕಿಚ್ಚು ಎರಡು ಗಂಟೆಯೊಳಗಾಗಿ ಊರನ್ನು ಮುಟ್ಟಿತು. ಊರಿನವರು ಅಸಡ್ಡೆಯಿಂದ ಇದ್ದವರಲ್ಲ. ಊರನ್ನು ಭಾಗಗಳಾಗಿ ವಿಂಗಡಿಸಿ ಒಂದಾದ ಮೇಲೊಂದನ್ನು ತೆರವು ಮಾಡಿಸುವ ಏರ್ಪಾಡಿದ್ದಿತು. ಆದರೆ ಕಿಡಿಗಳು ಗಾಳಿಯಲ್ಲಿ ಹಾರಿ ಹಲವು ಭಾಗಗಳಲ್ಲಿ ಒಮ್ಮೆಗೇ ಬಿದ್ದವು. ಸ್ಕೈವೇ ಎಂಬ ಹೆದ್ದಾರಿಯನ್ನು ಹೊರಮುಖವಾಗಿಯೇ ತಿರುಗಿಸಿದರೂ ಮೋಟಾರುಗಳು ಇರುವೆಯಂತೆ ತೆವಳಿದವು. 85 ಮಂದಿ ಮಡಿದರು. ಅವರಲ್ಲಿ ವೃದ್ಧರೇ ಹೆಚ್ಚು. ಅನೇಕರು ಮನೆಯಲ್ಲಿಯೇ, ಕೆಲವರು ಗಾಡಿಯಲ್ಲಿ. 18,000ಕ್ಕೂ ಮಿಕ್ಕ ಕಟ್ಟಡಗಳು ಬೂದಿಯಾದವು.

ಇಲ್ಲಿ ಮುಖ್ಯವಾದ ಮಾತೊಂದಿದೆ. ಮನೆ ಕಟ್ಟಲು ಅಪ್ಪಣೆ ದೊರೆಯುವುದು ಒಂದೊಂದಾಗಿ. ಓಡಬೇಕಾಗುವುದು ಎಲ್ಲರೂ ಒಟ್ಟಿಗೆ. ಹೊಸದಾಗಿ ಬಂದ ಹತ್ತು ಮನೆಗಳಿಂದ ದಾರಿಗೇನು ಭಾರವೆಂದು ಪ್ರತಿಸಲವೂ ತೋರುತ್ತದೆ. ಭಾರವು ತಿಳಿಯುವುದು ಆ ಒಂದು ದಿನ; ಆಗ ಹಳೆಯ ಮನೆಯವರೂ ಅದೇ ದಾರಿಯಲ್ಲಿರುತ್ತಾರೆ.

ನಮ್ಮ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗವನ್ನು ಕಟ್ಟುವಾಗ ಪೂರ್ವಪಶ್ಚಿಮವಾಗಿ ಮೂರು, ದಕ್ಷಿಣೋತ್ತರವಾಗಿ ಮೂರು ರಾಜಮಾರ್ಗಗಳನ್ನೂ ಹನ್ನೆರಡು ಬಾಗಿಲುಗಳನ್ನೂ ವಿಧಿಸಿದೆ. ಬೆಂಕಿಯನ್ನು ನಂದಿಸುವ ನೀರಿನ ಪಾತ್ರೆ, ಏಣಿ, ಕೊಡಲಿಗಳನ್ನು ಇಡದ ಗೃಹಸ್ಥನಿಗೆ ದಂಡವೂ ಉಂಟು. ದಾರಿಯು ಊರಿನದು, ನೀರಿನ ಕೊಡವು ಮನೆಯವನದು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಸಾಲದು.

ಹಾಗೆಂದು ಹೊಸ ಮನೆಗಳೇ ಬೇಡವೆನ್ನಲಾದೀತೆ? ಅಲ್ಲಿ ಮನೆಯ ಅಭಾವವು ದೊಡ್ಡದು. ಬಾಡಿಗೆಯ ಭಾರದಿಂದ ಬಳಲುವವರ ಗೋಳನ್ನು ಅಲ್ಲಗಳೆಯುವಂತಿಲ್ಲ. ಆದಕಾರಣ ಕಟ್ಟುವುದನ್ನು ನಿಷೇಧಿಸುವುದಕ್ಕಿಂತ, ಕಟ್ಟುವ ಮೊದಲು ಲೆಕ್ಕ ಹಾಕುವುದೇ ವಿವೇಕ. 2019ರ ಶಾಸನವೊಂದು, ಅಪಾಯಸ್ಥಳಗಳಲ್ಲಿ ಎರಡು ನಿರ್ಗಮನಮಾರ್ಗಗಳಿಲ್ಲದ ವಸತಿಗಳನ್ನು ಗುರುತಿಸಬೇಕೆಂದು ಅಲ್ಲಿನ ಪುರಾಡಳಿತಗಳಿಗೆ ವಿಧಿಸಿತು. 2022ರಲ್ಲಿ ಲೇಕ್ ಜಿಲ್ಲೆಯ ಗ್ವೆನಾಕ್ ಕಣಿವೆಯ ದೊಡ್ಡ ವಸತಿಯೋಜನೆಯೊಂದಕ್ಕೆ ಕೊಟ್ಟಿದ್ದ ಅಪ್ಪಣೆಯನ್ನು ನ್ಯಾಯಾಲಯವು ತಳ್ಳಿಹಾಕಿತು. ಹೊಸಬರು ಬಂದರೆ ಸುತ್ತಣ ಹಳಬರ ಪಲಾಯನಕ್ಕೆ ಏನಾದೀತೆಂಬುದನ್ನು ಸರಿಯಾಗಿ ವಿಚಾರಿಸಿರಲಿಲ್ಲವೆಂಬುದೇ ಕಾರಣ.

ಅಲ್ಲಿ ಮನೆ ಕೊಳ್ಳಲಿರುವ ಮಗನಿಗೋ ಮಗಳಿಗೋ ಕಾಗದ ಬರೆಯುವ ತಂದೆತಾಯಿಗಳು ಅಡಿಗೆಮನೆ ಎಷ್ಟು ದೊಡ್ಡದೆಂದು ಕೇಳುವುದು ಸಹಜ. ಹೊರಹೋಗಲು ಎಷ್ಟು ದಾರಿಗಳಿವೆ, ಎರಡನೆಯ ದಾರಿಯಲ್ಲಿ ಒಮ್ಮೆಯಾದರೂ ಹೋಗಿ ನೋಡಿದ್ದೀರಾ, ನಡೆಯಲಾರದ ನೆರೆಮನೆಯ ಮುದುಕಿಯನ್ನು ಆ ದಿನ ಯಾರು ಕರೆದೊಯ್ಯುವರು ಎಂಬ ಮೂರು ಪ್ರಶ್ನೆಗಳನ್ನೂ ಅದರೊಡನೆ ಸೇರಿಸಲಿ.