ಫ್ಯಾಟ್ ಬರ್ನರ್ ಡಬ್ಬಿ ಮತ್ತು ಊಟದ ಮೇಲಿನ ಟೀ

ಕಳೆದ ವರ್ಷ ‘ಫ್ಯಾಟ್ ಬರ್ನರ್’ ಅಂತ ಬರೆದಿದ್ದ ಡಬ್ಬಿಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಒಳಗಿದ್ದದ್ದು ಹೆಚ್ಚಾಗಿ ಬಿ ವಿಟಮಿನ್‌ಗಳು. ಎರಡು ತಿಂಗಳು ನುಂಗಿದೆ. ತೂಕ ಇಳಿಯಲಿಲ್ಲ, ಆಫೀಸಿನ ಎರಡು ಮಹಡಿ ಹತ್ತಿದರೆ ಬರುತ್ತಿದ್ದ ಏದುಸಿರೂ ಹೋಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.8! ಹೆಂಗಸರಿಗೆ 12 ಆದರೂ ಇರಬೇಕಂತೆ. ಕಬ್ಬಿಣದ ಕೊರತೆ ಅಂದರು ಡಾಕ್ಟರ್.

ಕೊಬ್ಬು ಉರಿಯೋಕೆ ಆಮ್ಲಜನಕ ಬೇಕು. ಅದನ್ನು ಜೀವಕೋಶಗಳಿಗೆ ಹೊತ್ತೊಯ್ಯೋದು ಹಿಮೋಗ್ಲೋಬಿನ್‌ನಲ್ಲಿರೋ ಕಬ್ಬಿಣ. ಬಿ ವಿಟಮಿನ್‌ಗಳು ಅಲ್ಲಿ ಕಿಣ್ವಗಳಿಗೆ ಕೈಜೋಡಿಸುತ್ತವೆ, ನಿಜ. ಆದರೆ ಸಾಕಷ್ಟು ಇದ್ದ ಮೇಲೂ ಇನ್ನಷ್ಟು ನುಂಗಿದರೆ ಕೊಬ್ಬು ಬೇಗ ಕರಗಲ್ಲ. ಲೈಬ್ರರಿ ಇಲ್ಲದಿದ್ರೆ ಕೋಡ್ ಓಡಲ್ಲ, ಸರಿ. ಅದನ್ನೇ ಹತ್ತು ಸಲ ಇನ್‌ಸ್ಟಾಲ್ ಮಾಡಿದ್ರೆ ಜೋರಾಗಿ ಓಡುತ್ತಾ?

ನನ್ನ ಇನ್ನೊಂದು ತಪ್ಪು, ಊಟ ಮುಗಿದ ಕೂಡಲೇ ಟೀ. ಅದರಲ್ಲಿರೋ ಟ್ಯಾನಿನ್, ಸೊಪ್ಪು-ಕಾಳಿನ ಕಬ್ಬಿಣವನ್ನು ಮೈಗೆ ಹತ್ತೋಕೆ ಬಿಡಲ್ಲ. ನಿಂಬೆಹಣ್ಣಿನ ವಿಟಮಿನ್ ಸಿ ಅದಕ್ಕೆ ಉಲ್ಟಾ, ಹತ್ತಿಸುತ್ತೆ. ಈಗ ಡಾಕ್ಟರ್ ಬರೆದುಕೊಟ್ಟ ಕಬ್ಬಿಣದ ಮಾತ್ರೆ ಜೊತೆಗೆ ಹುರುಳಿಕಾಳಿನ ಉಸಲಿಗೆ ನಿಂಬೆ ಹಿಂಡ್ತೀನಿ, ಟೀ ಒಂದು ಗಂಟೆ ತಡ.

ಮೂರು ತಿಂಗಳಿಗೆ ಹಿಮೋಗ್ಲೋಬಿನ್ 12.1. ತೂಕ ಇಳಿದದ್ದು ಒಂದೇ ಕಿಲೋ, ಅದೂ ಸಂಜೆ ಸುಸ್ತಿಲ್ಲದೆ ನಡೆಯೋಕೆ ಆಗ್ತಿರೋದ್ರಿಂದ. ಡಬ್ಬಿಯಲ್ಲಿ ಅಮ್ಮ ಈಗ ಮೆಂತ್ಯ ತುಂಬಿಟ್ಟಿದ್ದಾರೆ.