ಕೇಳದೆ ಬಂದ ತಂತ್ರಾಂಶ, ಹೇಳದೆ ಹೋದ ಹಣ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ನನ್ನ ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರು ವಿಂಡೋಸ್ 11ಕ್ಕೆ ಬೇಕಾದ ಅರ್ಹತೆ ಪಡೆದಿರಲಿಲ್ಲ. ಇನ್ನೂ ಸುಸ್ಥಿತಿಯಲ್ಲಿದ್ದ ಆ ಯಂತ್ರವನ್ನು ಬದಿಗಿರಿಸಿ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕಾಯಿತು. ಮನೆಗೆ ತಂದು ತೆರೆದಾಗ ಅದರೊಳಗೆ ನಾನು ಕೇಳದೇ ಇದ್ದ ಹಲವು ಅತಿಥಿಗಳು ಆಗಲೇ ಬಂದು ನೆಲೆಸಿದ್ದರು. ಸರ್ಕಾರಿ ಸೇವೆಯಲ್ಲಿ ಅಂಟಿಕೊಂಡ ಪಟ್ಟಿ ಮಾಡುವ ಚಾಳಿ ನಿವೃತ್ತಿಯ ನಂತರವೂ ಬಿಟ್ಟಿಲ್ಲವಾದ್ದರಿಂದ ಎಣಿಸಿ ಬರೆದಿಟ್ಟೆ. ಒಂದು ತಿಂಗಳ ಅವಧಿಯ ವೈರಸ್ ನಿರೋಧಕ ತಂತ್ರಾಂಶ, ಎರಡು ಆಟಗಳು, ಚಲನಚಿತ್ರ ತೋರಿಸುವ ಕಂಪನಿಯೊಂದರ ಆ್ಯಪ್, ಫೋಟೋ ತಿದ್ದುವ ಸಾಧನದ ಮಾದರಿ ಆವೃತ್ತಿ, ಖರೀದಿ ತಾಣವೊಂದರ ಕೊಂಡಿ, ತಯಾರಕ ಕಂಪನಿಯದ್ದೇ ಆದ ನಾಲ್ಕಾರು 'ಸಹಾಯಕರು'. ನನಗೆ ಬೇಕಾಗಿದ್ದ ಕನ್ನಡ ಕೀಲಿಮಣೆಯನ್ನು ಮಾತ್ರ ಸೆಟ್ಟಿಂಗ್ಸ್‌ಗೆ ಹೋಗಿ ನಾನೇ ಸೇರಿಸಿಕೊಳ್ಳಬೇಕಾಯಿತು.

ಮೂರನೆಯ ದಿನದಿಂದ ವೈರಸ್ ನಿರೋಧಕದ ಉಪಟಳ ಆರಂಭವಾಯಿತು. ಪರದೆಯ ಮೂಲೆಯಲ್ಲಿ ಕೆಂಪು ಬಣ್ಣದ ಚೌಕವೊಂದು ಎದ್ದು, ನಿಮ್ಮ ಕಂಪ್ಯೂಟರು ಅಪಾಯದಲ್ಲಿದೆ, ಕೂಡಲೇ ಚಂದಾದಾರರಾಗಿ ಎಂದು ಇಂಗ್ಲಿಷಿನಲ್ಲಿ ಎಚ್ಚರಿಸತೊಡಗಿತು. ಇದನ್ನು ತಮಾಷೆಯ ಸಂಗತಿಯೆಂಬಂತೆ ಶಿವಮೊಗ್ಗದಲ್ಲಿರುವ ನನ್ನ ಅಕ್ಕನಿಗೆ ದೂರವಾಣಿಯಲ್ಲಿ ಹೇಳಿದೆ. ಆಕೆ ಎಪ್ಪತ್ತು ದಾಟಿದ ನಿವೃತ್ತ ಕನ್ನಡ ಶಿಕ್ಷಕಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನದರಲ್ಲೂ ಹಾಗೇ ಬರುತ್ತೆ ಕಣೋ. ಬ್ಯಾಂಕಿನ ವಿವರ ಕಳುವಾಗಬಹುದು ಅಂತ ಬರೆದಿತ್ತು. ಪೆನ್ಷನ್ ದುಡ್ಡಿಗೆ ಏನಾದರೂ ಆದೀತು ಅಂತ ಎರಡು ವರ್ಷದಿಂದ ಕಟ್ಟುತ್ತಾ ಇದೀನಿ. ನಿನ್ನನ್ನು ಕೇಳಿದರೆ ಬೈತೀಯ ಅಂತ ಹೇಳಲಿಲ್ಲ" ಎಂದಳು.

ಆ ಲ್ಯಾಪ್‌ಟಾಪನ್ನು ಕೊಡಿಸಿದವನು ನಾನೇ. ಮೊದಲ ದಿನ ಅದನ್ನು ಸಿದ್ಧಪಡಿಸಿಕೊಟ್ಟವನೂ ನಾನೇ. ಮೂರು ದಶಕಗಳ ಕಾಲ ಕಡತದ ಒಂದೊಂದು ಸಾಲನ್ನೂ ಓದಿ ಸಹಿ ಮಾಡಿದ ಮನುಷ್ಯ, ಅಂದು ಎದುರಿಗೆ ಬಂದ ಪ್ರತಿಯೊಂದು ಕರಾರಿಗೂ ಓದದೆಯೇ 'ಒಪ್ಪಿಗೆ' ಒತ್ತಿದ್ದೆ. ವಿಂಡೋಸ್‌ನಲ್ಲಿಯೇ ವೈರಸ್ ನಿರೋಧಕ ವ್ಯವಸ್ಥೆಯೊಂದು ಉಚಿತವಾಗಿ ಅಡಕವಾಗಿದೆಯೆಂದು ಅಕ್ಕನಿಗೆ ಹೇಳಿಯೂ ಇರಲಿಲ್ಲ. ವರ್ಷಕ್ಕೆ ಎರಡು ಸಾವಿರ ರೂಪಾಯಿಯ ಆಸುಪಾಸಿನ ಮೊತ್ತ. ಆದರೆ ಅದು ಭಯದಿಂದ ಕಟ್ಟಿದ ಹಣ; ಆ ಭಯವನ್ನು ಆಕೆಯ ಮನೆಗೆ ಕೊಂಡೊಯ್ದವನು ನಾನು.

ಈ ವ್ಯವಹಾರದ ಸ್ವರೂಪ ನನ್ನ ತಲೆಮಾರಿನವರಿಗೆ ಅಪರಿಚಿತವಲ್ಲ. 1980ರ ದಶಕದಲ್ಲಿ ಅಡುಗೆ ಅನಿಲದ ಸಂಪರ್ಕಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರಿಗೆ, ಸರದಿ ಬಂದ ದಿನ ವಿತರಕರು ಹೇಳುತ್ತಿದ್ದ ಮಾತು ನೆನಪಿರಬಹುದು: ಸಿಲಿಂಡರ್ ಬೇಕಾದರೆ ಒಲೆಯನ್ನೂ ನಮ್ಮಲ್ಲಿಯೇ ಕೊಳ್ಳಬೇಕು. ನ್ಯಾಯಬೆಲೆ ಅಂಗಡಿಗಳಲ್ಲಿ ಸಕ್ಕರೆ, ಸೀಮೆಎಣ್ಣೆಯೊಂದಿಗೆ ಸಾಬೂನನ್ನೋ ಚಹಾಪುಡಿಯನ್ನೋ ಚೀಲಕ್ಕೆ ಹಾಕಿ ಹಣ ಪಡೆಯುವ ಪರಿಪಾಠವೂ ಇತ್ತು. ತಾಲ್ಲೂಕು ಮಟ್ಟದ ಅಧಿಕಾರಿಯಾಗಿದ್ದಾಗ ಇಂಥ ದೂರುಗಳ ವಿಚಾರಣೆ ನಡೆಸಿದ್ದೇನೆ. ಅಂಗಡಿಯವನ ಸಮಜಾಯಿಷಿ ಯಾವಾಗಲೂ ಒಂದೇ: "ನಮ್ಮ ಕಮಿಷನ್ನಿನಲ್ಲಿ ಬಾಡಿಗೆಯೂ ಹುಟ್ಟುವುದಿಲ್ಲ, ಸ್ವಾಮಿ." ಅದು ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಒಂದು ಸರಕಿಗೆ ಮತ್ತೊಂದನ್ನು ಗಂಟುಹಾಕಿ ಮಾರುವ ಕ್ರಮವನ್ನು 1969ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯ್ದೆಯು ನಿರ್ಬಂಧಕ ಪದ್ಧತಿಗಳ ಸಾಲಿಗೆ ಸೇರಿಸಿತ್ತು. ಅದರ ಸ್ಥಾನಕ್ಕೆ ಬಂದ 2002ರ ಸ್ಪರ್ಧಾ ಕಾಯ್ದೆಯಲ್ಲೂ ಅಂಥ ಒಪ್ಪಂದಗಳ ಪ್ರಸ್ತಾಪವಿದೆ.

ಕಂಪ್ಯೂಟರ್ ತಯಾರಕರ ಸಮಜಾಯಿಷಿಯೂ ನ್ಯಾಯಬೆಲೆ ಅಂಗಡಿಯವನದ್ದೇ. ವಿಂಡೋಸ್ ಲ್ಯಾಪ್‌ಟಾಪ್‌ಗಳ ಮಾರುಕಟ್ಟೆಯಲ್ಲಿ ಪೈಪೋಟಿ ತೀವ್ರ, ಲಾಭಾಂಶ ತೀರಾ ತೆಳು. ಹೀಗಾಗಿ ಯಂತ್ರದೊಳಗಿನ ಜಾಗವನ್ನೇ ಅವರು ಮಾರುತ್ತಾರೆ. ವೈರಸ್ ನಿರೋಧಕ ಕಂಪನಿಯು ತನ್ನ ಪ್ರಾಯೋಗಿಕ ಆವೃತ್ತಿಯನ್ನು ಅಳವಡಿಸಿದ್ದಕ್ಕೋ, ಅದರಿಂದ ದೊರೆತ ಚಂದಾದಾರರ ಲೆಕ್ಕದಲ್ಲೋ ತಯಾರಕರಿಗೆ ಹಣ ಕೊಡುತ್ತದೆ. ಗ್ರಾಹಕನಿಗೆ ಉಚಿತವೆಂದು ಕಾಣುವ ತಂತ್ರಾಂಶದಲ್ಲಿ ವಾಸ್ತವವಾಗಿ ಮಾರಾಟವಾಗುತ್ತಿರುವುದು ಅವನ ಗಮನ, ಅವನ ಉದಾಸೀನ ಮತ್ತು ಕೆಲವೊಮ್ಮೆ ಅವನ ಅಂಜಿಕೆ. ಮೊದಲೇ ಆಯ್ಕೆ ಮಾಡಿಟ್ಟಿರುವುದನ್ನು ಬದಲಿಸಲು ಬಹುಪಾಲು ಜನ ಕೈಹಾಕುವುದಿಲ್ಲ ಎಂಬುದು ಅರ್ಥಶಾಸ್ತ್ರದಲ್ಲಿ ಈಗ ಸುಸ್ಥಾಪಿತವಾದ ಸಂಗತಿ. ಇಂಥ ವರ್ತನೆಗಳ ಅಧ್ಯಯನಕ್ಕಾಗಿಯೇ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಪಿಂಚಣಿ ಉಳಿತಾಯಕ್ಕೆ ಜನರನ್ನು ಪ್ರೇರೇಪಿಸಲು ಬಳಕೆಯಾಗುವ ತತ್ತ್ವವೇ ಇಲ್ಲಿ ಪಿಂಚಣಿದಾರರ ಜೇಬಿಗೆ ಕೈಹಾಕಲು ಬಳಕೆಯಾಗುತ್ತಿದೆ.

ಈ ಪದ್ಧತಿ ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 2008ರಲ್ಲಿ ಸೋನಿ ಸಂಸ್ಥೆಯು ತನ್ನ ಕೆಲವು ಲ್ಯಾಪ್‌ಟಾಪ್‌ಗಳನ್ನು ಅನಗತ್ಯ ತಂತ್ರಾಂಶಗಳಿಲ್ಲದೆ ಪಡೆಯಬೇಕಾದರೆ ಸುಮಾರು 50 ಡಾಲರ್ ಹೆಚ್ಚುವರಿ ಕೊಡಬೇಕೆಂದು ಅಮೆರಿಕದಲ್ಲಿ ಪ್ರಕಟಿಸಿತು. ಕಸ ಹಾಕದಿರುವುದಕ್ಕೂ ಶುಲ್ಕವೇ ಎಂದು ಗ್ರಾಹಕರು ಆಕ್ಷೇಪಿಸಿದ ಕೂಡಲೇ ಶುಲ್ಕವನ್ನು ಕೈಬಿಟ್ಟಿತು. 2015ರ ಆರಂಭದಲ್ಲಿ ಬೆಳಕಿಗೆ ಬಂದ ಲೆನೊವೊ ಪ್ರಕರಣ ಇನ್ನೂ ಗಂಭೀರವಾದುದು. ಆ ಕಂಪನಿಯ ಹಲವು ಮಾದರಿಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಮೊದಲೇ ಅಳವಡಿಕೆಯಾಗಿತ್ತು. ಬಳಕೆದಾರರು ನೋಡುವ ಪುಟಗಳಲ್ಲಿ ಜಾಹೀರಾತು ತೂರಿಸುವ ಸಲುವಾಗಿ ಅದು ಗೂಢಲಿಪಿಯಿಂದ ರಕ್ಷಿತವಾದ ಸಂಪರ್ಕಗಳ ನಡುವೆಯೇ ಪ್ರವೇಶಿಸುತ್ತಿತ್ತು. ಅದಕ್ಕೆ ಬಳಸಿದ ಗುಪ್ತ ಕೀಲಿ ಎಲ್ಲ ಯಂತ್ರಗಳಲ್ಲೂ ಒಂದೇ ಆಗಿತ್ತು. ಒಂದು ಬೀದಿಯ ಎಲ್ಲ ಮನೆಗಳಿಗೂ ಒಂದೇ ಬೀಗದ ಕೈ ಮಾಡಿಸಿ, ಅದನ್ನು ಪ್ರತಿ ಮನೆಯ ಹೊಸ್ತಿಲಲ್ಲೂ ಇಟ್ಟುಹೋದಂತೆ. ಅಮೆರಿಕದ ಗೃಹ ಭದ್ರತಾ ಇಲಾಖೆಯೇ ಅದನ್ನು ತೆಗೆದುಹಾಕುವಂತೆ ಸಲಹೆ ನೀಡಿತು. 2017ರ ಸೆಪ್ಟೆಂಬರಿನಲ್ಲಿ ಕಂಪನಿಯು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮತ್ತು 32 ರಾಜ್ಯಗಳೊಂದಿಗೆ ರಾಜಿ ಮಾಡಿಕೊಂಡು, ರಾಜ್ಯಗಳಿಗೆ 35 ಲಕ್ಷ ಡಾಲರ್ ತೆತ್ತಿತು. ಅನಗತ್ಯ ತಂತ್ರಾಂಶವೆಂದರೆ ಕೇವಲ ಕಿರಿಕಿರಿ ಎಂದು ಭಾವಿಸುವವರು ಈ ಪ್ರಕರಣವನ್ನು ಮರೆಯಬಾರದು.

ಕಾನೂನಿನ ಹೋರಾಟ ಇದಕ್ಕಿಂತ ಹಳೆಯದು. ವಿಂಡೋಸ್‌ಗೆ ಬ್ರೌಸರನ್ನು ಗಂಟುಹಾಕಿದ್ದಕ್ಕಾಗಿ ಅಮೆರಿಕ ಸರ್ಕಾರ 1998ರಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಮೊಕದ್ದಮೆ ಹೂಡಿತು. 2004ರಲ್ಲಿ ಐರೋಪ್ಯ ಆಯೋಗವು ಹಾಡು-ಚಿತ್ರ ಕೇಳಿಸುವ ಮೀಡಿಯಾ ಪ್ಲೇಯರ್ ಗಂಟುಹಾಕಿದ್ದೂ ಸೇರಿದ ತಪ್ಪುಗಳಿಗೆ 49.7 ಕೋಟಿ ಯೂರೋ ದಂಡ ವಿಧಿಸಿ, ಅದಿಲ್ಲದ ಆವೃತ್ತಿಯನ್ನೂ ಮಾರಬೇಕೆಂದು ಆದೇಶಿಸಿತು. ಆವೃತ್ತಿ ಬಂದಿತು, ಆದರೆ ಬೆಲೆ ಎರಡಕ್ಕೂ ಒಂದೇ. ಒಂದೇ ಬೆಲೆಗೆ ಕಡಿಮೆ ಸರಕನ್ನು ಯಾರು ಕೊಂಡಾರು? ಆ ಆದೇಶ ಕಾಗದದ ಮೇಲಷ್ಟೇ ಗೆದ್ದಿತು. ಈ ಪಾಠವನ್ನು ಕಲಿತಂತೆ, 2024ರ ಮಾರ್ಚ್‌ನಿಂದ ದೊಡ್ಡ ಕಂಪನಿಗಳಿಗೆ ಕಡ್ಡಾಯವಾದ ಯೂರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯು ಬೇರೆ ಆವೃತ್ತಿಯ ಗೊಡವೆಗೆ ಹೋಗದೆ, ಮೊದಲೇ ಬಂದ ಆ್ಯಪ್‌ಗಳನ್ನು ಬಳಕೆದಾರ ಸುಲಭವಾಗಿ ಅಳಿಸುವಂತಿರಬೇಕು ಎಂದು ವಿಧಿಸುತ್ತದೆ. ಅದರ ಫಲವಾಗಿ ಅಲ್ಲಿನ ವಿಂಡೋಸ್ ಬಳಕೆದಾರರು ಎಡ್ಜ್ ಬ್ರೌಸರನ್ನೂ ತೆಗೆದುಹಾಕಬಹುದಾಗಿದೆ.

ನಮ್ಮಲ್ಲಿ ಚಿತ್ರ ಇಷ್ಟು ಸ್ಪಷ್ಟವಾಗಿಲ್ಲ. ಆಂಡ್ರಾಯ್ಡ್ ಫೋನ್‌ಗಳಲ್ಲಿ ತನ್ನ ಆ್ಯಪ್‌ಗಳನ್ನು ಗಂಟುಹಾಕಿದ್ದೂ ಸೇರಿ ಹಲವು ಕಾರಣಗಳಿಗಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದರೂ, ಮೊದಲೇ ಬಂದ ಆ್ಯಪ್‌ಗಳನ್ನು ಅಳಿಸದಂತೆ ತಡೆಯಬಾರದೆಂಬ ನಿರ್ದೇಶನವೂ ಸೇರಿ ನಾಲ್ಕನ್ನು ರದ್ದುಪಡಿಸಿತು. ಸರ್ಕಾರವೂ ಈ ಮೋಹದಿಂದ ಮುಕ್ತವಲ್ಲ. 2025ರ ನವೆಂಬರ್ ಕೊನೆಯಲ್ಲಿ ದೂರಸಂಪರ್ಕ ಇಲಾಖೆಯು ಸಂಚಾರ್ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನ್‌ಗಳಲ್ಲೂ ಮೊದಲೇ ಅಳವಡಿಸುವಂತೆ ತಯಾರಕರಿಗೆ ಆದೇಶಿಸಿ, ವ್ಯಾಪಕ ಆಕ್ಷೇಪದ ನಂತರ ಡಿಸೆಂಬರ್ 3ರಂದು ಆ ಕಡ್ಡಾಯವನ್ನು ಹಿಂತೆಗೆದುಕೊಂಡಿತು. ಕಳುವಾದ ಫೋನ್ ಪತ್ತೆಗೆ ಆ ಆ್ಯಪ್ ಉಪಯುಕ್ತವೆಂಬುದರಲ್ಲಿ ಸಂಶಯವಿಲ್ಲ. ಆದರೆ ಉಪಯುಕ್ತವಾದುದನ್ನೂ ಕೇಳಿಯೇ ಕೊಡಬೇಕು.

ಇಷ್ಟೆಲ್ಲ ಆದರೂ ಸದ್ಯಕ್ಕೆ ಗ್ರಾಹಕನ ಕೈಯಲ್ಲಿರುವ ಪರಿಹಾರ ಸರಳವಾದುದೇ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಆ್ಯಪ್ಸ್ ವಿಭಾಗದಲ್ಲಿ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಗೆ ಹೋಗಿ, ಬೇಡವಾದುದರ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿದರೆ ಅನ್‌ಇನ್‌ಸ್ಟಾಲ್ ಎಂಬ ಆಯ್ಕೆ ಸಿಗುತ್ತದೆ. ಮೊದಲು ವೈರಸ್ ನಿರೋಧಕದ ಪ್ರಾಯೋಗಿಕ ಆವೃತ್ತಿಯನ್ನು ತೆಗೆಯಿರಿ. ಕೆಲವು ಕಂಪನಿಗಳ ತಂತ್ರಾಂಶ ಪೂರ್ತಿ ಹೋಗುವುದಿಲ್ಲ. ಅದಕ್ಕೆಂದೇ ಆಯಾ ಕಂಪನಿ ಒದಗಿಸುವ ಪ್ರತ್ಯೇಕ ತೆರವು ಸಾಧನವನ್ನು ಅವರ ಅಧಿಕೃತ ತಾಣದಿಂದಲೇ ಪಡೆಯಬೇಕು. ಯಂತ್ರವನ್ನು ಮರುಚಾಲನೆ ಮಾಡಿದ ಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು, ಅದರ ಡಿಫೆಂಡರ್ ಚಾಲನೆಗೊಂಡಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಸಾಮಾನ್ಯ ಮನೆಬಳಕೆಗೆ ಅದು ಸಾಕು.

ಉತ್ಸಾಹದಲ್ಲಿ ಎಲ್ಲವನ್ನೂ ಅಳಿಸಬಾರದು. ಬ್ಯಾಟರಿಯ ಆಯಸ್ಸು ಕಾಯುವ, ಯಂತ್ರದ ಮೂಲ ತಂತ್ರಾಂಶವನ್ನು ನವೀಕರಿಸುವ ತಯಾರಕರ ಸಾಧನಗಳು ಹಾಗೂ ಧ್ವನಿ, ಪರದೆ, ವೈಫೈಗಳಿಗೆ ಸಂಬಂಧಿಸಿದ ಡ್ರೈವರ್‌ಗಳು ಇರಲಿ. ಯಾವುದೆಂದು ತಿಳಿಯದಿದ್ದರೆ ಒಂದು ವಾರ ಬಿಟ್ಟು, ವಿಚಾರಿಸಿ ತೆಗೆಯಿರಿ. ಅಂಗಡಿಯಲ್ಲಿ 'ಸ್ವಚ್ಛ ಮಾಡಿಕೊಡುತ್ತೇವೆ' ಎಂದು ಹಣ ಕೇಳಿದರೆ ಕೊಡುವ ಅಗತ್ಯವಿಲ್ಲ. ಇನ್ನೂ ಧೈರ್ಯವಿದ್ದವರು ಮೈಕ್ರೋಸಾಫ್ಟ್ ತಾಣದಿಂದಲೇ ವಿಂಡೋಸನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಹೊಸದಾಗಿ ಅಳವಡಿಸಬಹುದು. ವಿಂಡೋಸ್‌ನೊಂದಿಗೇ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಪರವಾನಗಿಯ ಕೀಲಿಯು ಸಾಮಾನ್ಯವಾಗಿ ಯಂತ್ರದೊಳಗೇ ದಾಖಲಾಗಿರುವುದರಿಂದ ಮತ್ತೆ ಕೊಳ್ಳಬೇಕಾಗಿಲ್ಲ. ಆದರೆ ಅದಕ್ಕೆ ಮುನ್ನ ಕಡತಗಳ ಪ್ರತಿ ಬೇರೆಡೆ ಇರಬೇಕು.

ಇದಿಷ್ಟೂ ಇಂಗ್ಲಿಷ್ ಬಲ್ಲ, ಬಿಡುವಿರುವ ಗ್ರಾಹಕನಿಗೆ ಸಾಧ್ಯ. ಎಲ್ಲರಿಗೂ ಇದನ್ನು ಹೇಳಿಕೊಟ್ಟು ಮುಗಿಸಲಾಗದು. ನಿಯಮ ಬೇಕಾಗುವುದು ಇಲ್ಲಿಯೇ. ಅನಗತ್ಯ ತಂತ್ರಾಂಶದಿಂದ ಬರುವ ಹಣವೇ ಲ್ಯಾಪ್‌ಟಾಪ್‌ನ ಬೆಲೆ ತಗ್ಗಿಸುತ್ತದೆಂಬ ವಾದವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ತಳ್ಳಿಹಾಕುವುದಿಲ್ಲ. ಆದರೆ ಆ ರಿಯಾಯಿತಿಯನ್ನು ಎಲ್ಲ ಗ್ರಾಹಕರೂ ಹಂಚಿಕೊಂಡರೆ, ಅದರ ವೆಚ್ಚವನ್ನು ಭರಿಸುವವರು ಅಕ್ಕನಂಥ ಅಂಜುಬುರುಕರು ಮಾತ್ರ. ತಿಳಿದವರು ಅಳಿಸುತ್ತಾರೆ, ತಿಳಿಯದವರು ಕಟ್ಟುತ್ತಾರೆ. ಬಲ್ಲವರಿಗೆ ಅರಿಯದವರಿಂದ ವರ್ಗಾವಣೆಯಾಗುವ ಈ ಸಹಾಯಧನವನ್ನು ಯಾವ ಆಯವ್ಯಯದಲ್ಲಿಯೂ ಮಂಜೂರು ಮಾಡಿದವರಿಲ್ಲ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಆಹಾರದ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ ಇರುವಂತೆ, ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಒಳಗಿರುವ ಇತರ ಕಂಪನಿಗಳ ತಂತ್ರಾಂಶಗಳ ಪಟ್ಟಿ ಮುದ್ರಿತವಾಗಲಿ. ಮೊದಲ ಬಾರಿ ತೆರೆದಾಗಲೇ, ಗ್ರಾಹಕನ ಭಾಷೆಯಲ್ಲಿ, ಇವು ಬೇಕೇ ಬೇಡವೇ ಎಂದು ಕೇಳಲಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯು ಸುಳ್ಳು ತುರ್ತು, ಪದೇ ಪದೇ ಪೀಡಿಸುವಿಕೆ, ಚಂದಾ ಬಲೆ ಮುಂತಾದ 13 ವಂಚಕ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ಯಂತ್ರದೊಳಗೇ ಕುಳಿತು ಬೆದರಿಸುವ ತಂತ್ರಾಂಶಕ್ಕೂ ಅದು ಅನ್ವಯಿಸುತ್ತದೆಂದು ಪ್ರಾಧಿಕಾರ ಸ್ಪಷ್ಟಪಡಿಸಲಿ. ಎಲ್ಲಕ್ಕಿಂತ ಸುಲಭವಾದುದು ಸರ್ಕಾರದ ಸ್ವಂತ ಖರೀದಿ. ಶಾಲೆ, ಕಚೇರಿ, ವಿದ್ಯಾರ್ಥಿಗಳಿಗೆಂದು ಕೊಳ್ಳುವ ಕಂಪ್ಯೂಟರುಗಳ ಟೆಂಡರಿನಲ್ಲಿ 'ಪ್ರಾಯೋಗಿಕ ಹಾಗೂ ಜಾಹೀರಾತು ತಂತ್ರಾಂಶ ಇರಕೂಡದು' ಎಂಬ ಒಂದು ಷರತ್ತನ್ನು ಸೇರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಒಂದು ಸುತ್ತೋಲೆ ಸಾಕು. ಅಂಥ ಸುತ್ತೋಲೆಯನ್ನು ಸೇವೆಯಲ್ಲಿದ್ದಾಗ ನಾನೇ ಬರೆಯಬಹುದಿತ್ತು. ನನಗೂ ಅದು ಹೊಳೆಯಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಅಕ್ಕನ ಲ್ಯಾಪ್‌ಟಾಪಿನಿಂದ ಹನ್ನೊಂದು ತಂತ್ರಾಂಶಗಳನ್ನು ತೆಗೆದೆ. ಚಂದಾ ತಾನಾಗಿಯೇ ನವೀಕರಣಗೊಳ್ಳದಂತೆ ಕಂಪನಿಯ ಖಾತೆಯಲ್ಲೂ ಬ್ಯಾಂಕಿನಲ್ಲೂ ರದ್ದು ಮಾಡಿಸಿದೆ. ಕನ್ನಡ ಕೀಲಿಮಣೆ ಸೇರಿಸಿದೆ. ಆಕೆ ಪಕ್ಕದಲ್ಲಿ ಕುಳಿತು ಪ್ರತಿಯೊಂದು ಹೆಜ್ಜೆಯನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡಳು. ಎದುರು ಮನೆಯ ಮೇಷ್ಟ್ರ ಕಂಪ್ಯೂಟರಿನಲ್ಲೂ ಅದೇ ಕೆಂಪು ಚೌಕ ಬರುತ್ತದೆಯಂತೆ. ಮರುದಿನ ಆ ಪುಸ್ತಕ ಹಿಡಿದು ಅವರ ಮನೆಗೆ ಹೋದವಳು ಅಕ್ಕನೇ.