ಬೀದರದ ಕ್ಷೌರಿಕನೂ ಖಾಲ್ಸಾ ದೀಕ್ಷೆಯೂ

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಘಾಟು ಕಣ್ಣಿಗೇರುವ ಸುಗ್ಗಿಯ ದಿನಗಳಲ್ಲಿ, ಉತ್ತರದೇಶದ ಲಾರಿಯೊಂದರ ನೆರಳಿನಲ್ಲಿ ಕುಳಿತು, ನೀಳವಾದ ಕೇಶವನ್ನು ಮರದ ಬಾಚಣಿಗೆಯಿಂದ ನಿಧಾನವಾಗಿ ಬಾಚಿ ಗಂಟಿಕ್ಕಿ, ಅದರ ಮೇಲೆ ಪದರ ಪದರವಾಗಿ ಪಾಗು ಸುತ್ತುತ್ತಿದ್ದ ಸರದಾರನೊಬ್ಬನನ್ನು ಹಮಾಲರು ಚೀಲ ಇಳಿಸಿ ನೋಡುತ್ತ ನಿಂತುದನ್ನು ನಾನು ಕಂಡಿದ್ದೇನೆ. ಆ ಕೇಶ, ಆ ಬಾಚಣಿಗೆ, ಮಣಿಕಟ್ಟಿನ ಆ ಉಕ್ಕಿನ ಕಡಗ ಇವು ಖಾಲ್ಸಾ ದೀಕ್ಷೆಯ ಕುರುಹುಗಳೆಂಬುದನ್ನೂ, ಆ ದೀಕ್ಷೆಯನ್ನು ಮೊಟ್ಟಮೊದಲು ಪಡೆದ ಐವರಲ್ಲಿ ಒಬ್ಬನು ನಮ್ಮ ಬೀದರದವನೆಂಬುದನ್ನೂ ಬಲ್ಲವರು ನಮ್ಮ ಕಡೆ ವಿರಳ.

1699ರ ವೈಶಾಖಿಯಂದು ಆನಂದಪುರದ ಸಭೆಯಲ್ಲಿ ಗುರು ಗೋವಿಂದಸಿಂಹರು ಹಿರಿದ ಖಡ್ಗವನ್ನು ಹಿಡಿದು ಶಿರಸ್ಸನ್ನೇ ಕೇಳಿದಾಗ ಒಬ್ಬೊಬ್ಬರಾಗಿ ಎದ್ದು ಬಂದವರು ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರುವವ, ದ್ವಾರಕೆಯ ಬಟ್ಟೆಗೆ ಅಚ್ಚೊತ್ತುವವ ಮತ್ತು ಬೀದರದ ಕ್ಷೌರಿಕ ಸಾಹಿಬಚಂದ ಎಂದು ಸಿಖ್ಖರ ಪರಂಪರೆ ಹೇಳುತ್ತದೆ. ಕಬ್ಬಿಣದ ಬೋಗುಣಿಯ ನೀರಿಗೆ ಬತಾಸು ಬೆರೆಸಿ ಇಬ್ಬಾಯ ಖಡ್ಗದಿಂದ ಕಲಕಿದ ಅಮೃತವನ್ನು ಐವರೂ ಒಂದೇ ಪಾತ್ರೆಯಿಂದ ಸ್ವೀಕರಿಸಿದರು. ಕುಲಸೂಚಕವಾದ ಹೆಸರುಗಳು ಕಳಚಿ ಐವರೂ ಸಿಂಹರಾದರು. ಅನಂತರ ನಡೆದುದೇ ಲೋಕದ ಧರ್ಮೇತಿಹಾಸದಲ್ಲಿ ಅಪೂರ್ವವಾದುದು: ದೀಕ್ಷೆ ಕೊಟ್ಟ ಗುರುವೇ ಕೈಜೋಡಿಸಿ ನಿಂತು, ಕ್ಷೌರಿಕನೂ ನೀರು ಹೊರುವವನೂ ಸೇರಿದ ಆ ಐವರಿಂದಲೇ ತಾನೂ ದೀಕ್ಷೆಯನ್ನು ಬೇಡಿ ಪಡೆದನು. ಇಂದಿಗೂ ಅಮೃತವನ್ನು ಕೊಡುವವರು ದೀಕ್ಷಿತರಾದ ಐವರೇ ಹೊರತು ಒಬ್ಬ ಪುರೋಹಿತನಲ್ಲ. ಸಾಹಿಬಸಿಂಹನು ಚಮಕೌರದ ಯುದ್ಧದಲ್ಲಿ ಮಡಿದನು.

ಚೌಡದಾನಪುರದ ಹೊಳೆಯ ದಂಡೆಯಲ್ಲಿ ಅಂಬಿಗರ ಚೌಡಯ್ಯನ ಗದ್ದುಗೆಗೆ ನಮಸ್ಕರಿಸುವ ರಾಣೇಬೆನ್ನೂರಿನವರಿಗೂ, ಕನಕದಾಸರ ಕಾಗಿನೆಲೆಯನ್ನು ತಮ್ಮದೆನ್ನುವ ಬ್ಯಾಡಗಿಯವರಿಗೂ ಈ ವೃತ್ತಾಂತವು ಪರಕೀಯವೆನಿಸಲಾರದು. ಶರಣರ ಕಲ್ಯಾಣವಿರುವುದೂ ಬೀದರ ಜಿಲ್ಲೆಯಲ್ಲಿಯೇ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುವುದಿಲ್ಲ. ಕಾಯಕದ ಕೀಳ್ಮೆಯನ್ನು ಅಳಿಸುವ ಹಂಬಲವು ಎರಡೂ ಕಡೆ ದೀಕ್ಷೆಯ ರೂಪವನ್ನೇ ತಾಳಿತೆಂಬುದಷ್ಟೇ ನನಗೆ ಮುಖ್ಯ. ಎರಡೂ ಕಡೆ ಆ ಹಂಬಲವು ಪೂರ್ಣವಾಗಿ ಸಿದ್ಧಿಸಲಿಲ್ಲವೆಂಬುದೂ ನಿಜ: ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ದಲಿತ ಸಿಖ್ಖರಿಗೆ ಬೇರೆ ಗುರುದ್ವಾರ, ಬೇರೆ ಸ್ಮಶಾನ, ನಮ್ಮಲ್ಲಿ ಲಿಂಗ ಕಟ್ಟಿಕೊಂಡವರೂ ಮದುವೆಯ ಮಾತು ಬಂದಾಗ ಒಳಪಂಗಡವನ್ನು ವಿಚಾರಿಸುತ್ತಾರೆ.

ಆದರೂ ಪಂಕ್ತಿ ಉಳಿದಿದೆ. ಬೀದರದ ನಾನಕ ಝೀರಾದಲ್ಲಿ, ಗುರು ನಾನಕರು ಹೊಮ್ಮಿಸಿದರೆಂದು ನಂಬಲಾಗುವ ಸಿಹಿನೀರಿನ ಝರಿಯ ಬಳಿ, ಹಸಿದು ಬಂದವನನ್ನು ಮತವನ್ನು ಕೇಳದೆ ನೆಲದ ಮೇಲೆ ಸಾಲಾಗಿ ಕೂರಿಸಿ ಉಣಬಡಿಸುವ ಲಂಗರು ನಮ್ಮ ದಾಸೋಹದ ಒಡಹುಟ್ಟೇ ಸರಿ. ಮುಕ್ತಸರದ ರಣದಲ್ಲಿ ಹೋರಾಡಿದ ಮಾಯಿ ಭಾಗೋ ತನ್ನ ಕಡೆಯ ದಿನಗಳನ್ನು ಕಳೆದ ಜನವಾಡವೂ ಅಲ್ಲಿಗೆ ಸಮೀಪ. ಹಾವೇರಿಯಿಂದ ಬೀದರಕ್ಕೆ ಹೋಗುವವರು ಕೋಟೆಯನ್ನೂ ಗವಾನನ ಮದರಸಾವನ್ನೂ ನೋಡಿ ಹಿಂತಿರುಗಿಬಿಡಬೇಡಿ. ತಲೆಗೆ ವಸ್ತ್ರ ಕಟ್ಟಿಕೊಂಡು, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಆ ಪಂಕ್ತಿಯಲ್ಲಿ ಒಂದು ಹೊತ್ತು ಊಟಮಾಡಿ, ಸಾಹಿಬಸಿಂಹನು ಈ ಊರಿನವನೆಂದು ಅವರಿಗೆ ಹೇಳಿರಿ.